ವಿಕಿಯಲ್ಲಿ ಅಮ್ಮನ ಚೀಟಿ ಕಳೆಯುವುದಿಲ್ಲ

"ನಾನು ಸೇವ್ ಒತ್ತಿದ್ರೆ ಅವಳು ಬರೆದದ್ದು ಅಳಿಸಿಹೋಗಲ್ವಾ ಸರ್?"

ಬೆಂಗಳೂರಿನ ಒಂದು ಕಾಲೇಜಿನ ಮಕ್ಕಳು ಕೋರ್ಸಿಗಾಗಿ ಊರಿನ ಕೆರೆಗಳ ಬಗ್ಗೆ ಒಟ್ಟಾಗಿ ವಿಕಿ (ಹಲವರು ಸೇರಿ ಬರೆದು ತಿದ್ದುವ ಜಾಲಪುಟಗಳು) ಬರೆಯಲು ಕೂತಿದ್ದರು. ಮೊದಲ ದಿನ ಎಲ್ಲರಿಗೂ ಇದೇ ಹೆದರಿಕೆ. ಇದು ಸುಮ್ನೆ ಹೆದರಿಕೆ. ವಿಕಿ ಪುಟ ಒರೆಸಿ ಬರೆಯುವ ಕರಿಹಲಗೆಯಲ್ಲ. ಪ್ರತಿ ಸೇವ್‌ಗೂ ಹೊಸ ಪ್ರತಿ ಹುಟ್ಟುತ್ತದೆ, ಹಳೆಯದು ಅದರ ಹಿಂದೆ ಹಾಗೇ ಉಳಿಯುತ್ತದೆ. 'ಇತಿಹಾಸ' ಒತ್ತಿ ನೋಡಿ: ಯಾರು, ಯಾವಾಗ, ಏನು ಬದಲಿಸಿದರು ಎಲ್ಲವೂ ಅಲ್ಲಿದೆ.

ಇಬ್ಬರು ಒಂದೇ ಹೊತ್ತಿಗೆ ತಿದ್ದಿದರೆ? ನನಗೆ ತುಂಬಾ ಇಷ್ಟವಾದ ಭಾಗ ಇದೇ.

ಅಮ್ಮ ಸಾಮಾನಿನ ಚೀಟಿ ಬರೆದಿದ್ದಾರೆ ಅನ್ನಿ. ಅಣ್ಣ, ತಂಗಿ ಇಬ್ಬರೂ ಅದನ್ನು ನಕಲು ಮಾಡಿಕೊಂಡು ತಮ್ಮ ತಮ್ಮ ಚೀಟಿ ತಿದ್ದಿದರು. ಈಗ ಅಣ್ಣನ ಚೀಟಿಯಲ್ಲಿ ತೊಗರಿಬೇಳೆ ಇದೆ, ತಂಗಿಯದರಲ್ಲಿ ಇಲ್ಲ. ಅಣ್ಣ ಸೇರಿಸಿದನೋ, ತಂಗಿ ಹೊಡೆದುಹಾಕಿದಳೋ? ಎರಡೇ ಚೀಟಿ ಹಿಡಿದು ಎಷ್ಟು ನೋಡಿದರೂ ಗೊತ್ತಾಗದು. ಅಮ್ಮನ ಚೀಟಿ ತಂದರೆ ತಕ್ಷಣ ಗೊತ್ತಾಗುತ್ತದೆ. ವಿಕಿಪೀಡಿಯವನ್ನು ನಡೆಸುವ ಮೀಡಿಯಾವಿಕಿ ತಂತ್ರಾಂಶ ಮಾಡುವುದು ಇಷ್ಟೇ. ಇಬ್ಬರೂ ತೆರೆದ ಹಳೆಯ ಪ್ರತಿಯ ಜೊತೆ ಇಬ್ಬರ ಬರಹವನ್ನೂ ಹೋಲಿಸುತ್ತದೆ. ಒಬ್ಬಳು ಮೊದಲ ಪ್ಯಾರಾದಲ್ಲಿ ಸ್ಯಾಂಕಿ ಕೆರೆ ಕಟ್ಟಿದ್ದು 1882ರಲ್ಲಿ ಎಂದು ಸೇರಿಸಿ, ಇನ್ನೊಬ್ಬ ಕೊನೆಯ ಪ್ಯಾರಾದ ಕಾಗುಣಿತ ತಿದ್ದಿದರೆ ಎರಡೂ ಉಳಿಯುತ್ತವೆ.

ಹಳಗನ್ನಡ ಕಾವ್ಯಗಳನ್ನು ಸಂಪಾದಿಸಿದ ವಿದ್ವಾಂಸರಿಗೆ ಈ ಭಾಗ್ಯ ಇರಲಿಲ್ಲ. ಅವರ ಮುಂದೆ ಒಂದೇ ಕಾವ್ಯದ ಹಲವು ಓಲೆಗರಿ ಪ್ರತಿಗಳು. ಒಂದರಲ್ಲಿರುವ ಪದ್ಯ ಇನ್ನೊಂದರಲ್ಲಿಲ್ಲ. ಲಿಪಿಕಾರ ಬಿಟ್ಟನೋ, ಆಮೇಲೆ ಯಾರಾದರೂ ಸೇರಿಸಿದರೋ? ಹೇಳಬೇಕಾದ ಕವಿಯ ಸ್ವಂತ ಪ್ರತಿಯೇ ಕೈಯಲ್ಲಿಲ್ಲ. ಅದಕ್ಕೇ ಪುಟದ ಅಡಿಯಲ್ಲಿ ಅಷ್ಟೊಂದು ಪಾಠಾಂತರಗಳು, ಅಂದರೆ ಬೇರೆ ಬೇರೆ ಪ್ರತಿಗಳಲ್ಲಿ ಸಿಕ್ಕ ಬೇರೆ ಬೇರೆ ರೂಪಗಳು. ಆ ಕೆಲಸಕ್ಕೂ ವಿಕಿಯಲ್ಲಿ ತಿದ್ದಲು ಒತ್ತುವ ಗುಂಡಿಗೂ ಕನ್ನಡದಲ್ಲಿ ಒಂದೇ ಮಾತು, ಸಂಪಾದನೆ. ಓಲೆಗರಿಯವರು ಊಹಿಸಬೇಕಾಗಿದ್ದ ಅಮ್ಮನ ಚೀಟಿ ನಮಗೆ ಎರಡು ಕ್ಲಿಕ್ಕಿನಲ್ಲಿ ಸಿಗುತ್ತದೆ!

ಒಂದು ಕಡೆ ಮಾತ್ರ ಯಂತ್ರ ಕೈಚೆಲ್ಲುತ್ತದೆ. ಅದು ಹೋಲಿಸುವುದು ಸಾಲು ಸಾಲಾಗಿ. ಪ್ಯಾರಾ ಎಷ್ಟೇ ಉದ್ದವಿರಲಿ, ನಡುವೆ ಎಂಟರ್ ಒತ್ತದಿದ್ದರೆ ಅದರ ಲೆಕ್ಕದಲ್ಲಿ ಒಂದೇ ಸಾಲು. ಅದೇ ಪ್ಯಾರಾವನ್ನು ಇಬ್ಬರೂ ಮುಟ್ಟಿದರೆ ಘರ್ಷಣೆ ಎಂದು ತೋರಿಸಿ, ನೀವೇ ನೋಡಿ ಸೇರಿಸಿ ಎನ್ನುತ್ತದೆ. ಹಾಗಾಗಿ ಇಡೀ ಪುಟ ತೆರೆದಿಟ್ಟು ಗಂಟೆಗಟ್ಟಲೆ ಟೈಪ್ ಮಾಡಬೇಡಿ. ಒಂದು ವಿಭಾಗ ತೆರೆಯಿರಿ, ಸ್ವಲ್ಪ ಬರೆಯಿರಿ, ಏನು ಮಾಡಿದಿರಿ ಎಂದು 'ಸಾರಾಂಶ' ಚೌಕದಲ್ಲಿ ಒಂದು ಸಾಲು ಹಾಕಿ, ಸೇವ್ ಮಾಡಿ. ಹವಾಯಿ ಭಾಷೆಯಲ್ಲಿ ವಿಕಿ ಅಂದರೆ ಬೇಗ ಎಂದೇ ಅರ್ಥ. ಹೊನೊಲುಲು ವಿಮಾನ ನಿಲ್ದಾಣದ ಬಸ್ಸಿಗಿದ್ದ ಆ ಹೆಸರನ್ನು ವಾರ್ಡ್ ಕನಿಂಗ್‌ಹ್ಯಾಮ್ 1995ರಲ್ಲಿ ತಾವು ಕಟ್ಟಿದ ಮೊಟ್ಟಮೊದಲ ವಿಕಿ ತಾಣಕ್ಕಿಟ್ಟರು.

ಮೆಜೆಸ್ಟಿಕ್ ಬಸ್ ನಿಲ್ದಾಣದ ಜಾಗದಲ್ಲಿ ಹಿಂದೆ ಧರ್ಮಾಂಬುಧಿ ಕೆರೆ ಇತ್ತು ಎಂದು ಒಬ್ಬ ಬರೆದ. ಆಧಾರ ಎಲ್ಲಿ ಎಂದು ಇನ್ನೊಬ್ಬಳು ತೆಗೆದಳು. ಇಂಥ ಜಗಳವನ್ನು ಯಾವ ಯಂತ್ರವೂ ಬಿಡಿಸದು. ಅದಕ್ಕೆ ಪಕ್ಕದಲ್ಲೇ 'ಚರ್ಚೆ' ಪುಟವಿದೆ. ಅಲ್ಲಿ ಕೇಳಿ, ಕೊನೆಗೆ ನಾಲ್ಕು ಟಿಲ್ಡೆ (~~~~) ಒತ್ತಿ. ನಿಮ್ಮ ಹೆಸರೂ ಸಮಯವೂ ತಾನಾಗಿ ಬೀಳುತ್ತವೆ.