‘ಕೋಲ್ ಮೈನರ್ಸ್ ಡಾಟರ್’ ಸಿನಿಮಾದಲ್ಲಿ ಹಾಡಿದ್ದು ಯಾರು?

ಪ್ರಶ್ನೆ: ಅಮೆರಿಕದ ಹಳ್ಳಿಗಾಡಿನ ಸೊಗಡಿನ ‘ಕಂಟ್ರಿ’ ಸಂಗೀತದ ಗಾಯಕಿ ಲೊರೆಟ್ಟಾ ಲಿನ್ ಅವರ ಬದುಕಿನ ಕಥೆಯಾದ ‘ಕೋಲ್ ಮೈನರ್ಸ್ ಡಾಟರ್’ ನೋಡಿದೆ. ಅದರಲ್ಲಿ ಕೇಳಿಸುವುದು ಲೊರೆಟ್ಟಾ ಅವರದೇ ದನಿಯೋ, ನಟಿ ಸಿಸ್ಸಿ ಸ್ಪೇಸೆಕ್ ಅವರದೋ?

ಉತ್ತರ: ಸಿಸ್ಸಿ ಸ್ಪೇಸೆಕ್ ಅವರದು. ತೆರೆಯ ಮೇಲಿನ ಲೊರೆಟ್ಟಾ ಹಾಡುವುದನ್ನೆಲ್ಲ ಅವರೇ ಹಾಡಿದ್ದಾರೆ. ಹಿನ್ನೆಲೆ ಗಾಯನಕ್ಕೆ ಒಗ್ಗಿಹೋದ ನಮಗೆ ಈ ಅನುಮಾನ ಬರುವುದು ಸಹಜವೇ. ಡಾ. ರಾಜ್‌ಕುಮಾರ್ ಅವರಿಗೂ ಎಷ್ಟೋ ವರ್ಷ ಪಿ.ಬಿ. ಶ್ರೀನಿವಾಸ್ ದನಿಯಾಗಿದ್ದರು, ತಮ್ಮ ಹಾಡನ್ನು ತಾವೇ ಹಾಡುವುದು ಅವರಿಗೆ ರೂಢಿಯಾದದ್ದು 1974ರ ‘ಸಂಪತ್ತಿಗೆ ಸವಾಲ್’ ಆದಮೇಲೆ. ಲೊರೆಟ್ಟಾ ಸಿನಿಮಾದ ತೊಡಕು ಇನ್ನೂ ದೊಡ್ಡದು. ಅದು ತೆರೆಗೆ ಬಂದ 1980ರಲ್ಲಿ ಲೊರೆಟ್ಟಾ ವೇದಿಕೆ ಹತ್ತಿ ಹಾಡುತ್ತಲೇ ಇದ್ದರು. ಪ್ರೇಕ್ಷಕರಿಗೆ ಆ ದನಿ ಬಾಯಿಪಾಠವಾಗಿತ್ತು.

ಹಾಗಿದ್ದರೆ ಅವರ ರೆಕಾರ್ಡುಗಳನ್ನೇ ಹಾಕಿ ನಟಿಯಿಂದ ತುಟಿ ಆಡಿಸಬಹುದಿತ್ತಲ್ಲ? ಆಗುತ್ತಿರಲಿಲ್ಲ ಎಂಬುದು ನನ್ನ ಬಲವಾದ ನಂಬಿಕೆ. ಲೊರೆಟ್ಟಾ ಹುಟ್ಟಿದ್ದು 1932ರಲ್ಲಿ, ಕೆಂಟಕಿಯ ಗುಡ್ಡಗಳ ನಡುವಿನ ಬುಚರ್ ಹಾಲರ್‌ನಲ್ಲಿ. ಅಪ್ಪ ಕಲ್ಲಿದ್ದಲು ಗಣಿಯ ಕೂಲಿಯಾಳು. ಹದಿಹರೆಯದಲ್ಲೇ ಡೂಲಿಟ್ಲ್ ಲಿನ್ ಜೊತೆ ಮದುವೆ. (ಆಗ ಅವರಿಗೆ 13 ಎಂದು ಸಿನಿಮಾ ಹೇಳುತ್ತದೆ, 2012ರಲ್ಲಿ ಹೊರಬಂದ ದಾಖಲೆಗಳ ಪ್ರಕಾರ 15.) ಅಲ್ಲಿಂದ ದೇಶದ ಇನ್ನೊಂದು ತುದಿಯ ವಾಷಿಂಗ್ಟನ್ ರಾಜ್ಯಕ್ಕೆ ಸಂಸಾರ ಹೂಡಲು ಹೋದರು. ಸಾಲಾಗಿ ಮಕ್ಕಳಾದವು. ಗಂಡ 17 ಡಾಲರಿನ ಗಿಟಾರೊಂದನ್ನು ತಂದುಕೊಟ್ಟ. ಮೊದಲ ರೆಕಾರ್ಡ್ ‘ಐಯಾಮ್ ಎ ಹಾಂಕಿ ಟಾಂಕ್ ಗರ್ಲ್’ ಹೊರಬಂದದ್ದು 1960ರಲ್ಲಿ. ಸಿನಿಮಾದ ಮೊದಲ ಭಾಗ ನಡೆಯುವುದು ಅದಕ್ಕೂ ಮುಂಚೆ. ಆ ವರ್ಷಗಳ ಲೊರೆಟ್ಟಾ ದನಿ ಯಾವ ರೆಕಾರ್ಡಿನಲ್ಲೂ ಇಲ್ಲ.

ಮನೆಯಲ್ಲಿ ಮಕ್ಕಳ ಜೊತೆ ಗುನುಗಿಕೊಳ್ಳುವ ಹೆಂಗಸು, ಗಂಡನ ಬಲವಂತಕ್ಕೆ ಮೊದಲ ಸಲ ಜನರೆದುರು ನಿಂತು ತಡವರಿಸುವ ಹೆಂಗಸು, ಕೊನೆಗೆ ಸಾವಿರಾರು ಜನರ ಮುಂದೆ ನಿರಾಳವಾಗಿ ಹಾಡುವ ತಾರೆ. ಈ ಮೂವರ ದನಿ ಒಂದೇ ಆಗಿರಬೇಕು, ಆದರೆ ಒಂದೇ ಥರ ಕೇಳಿಸಬಾರದು. ಪಳಗಿದ ಗಾಯಕಿಯ ರೆಕಾರ್ಡನ್ನು ಮೊದಲಿನ ದೃಶ್ಯಗಳಿಗೆ ಅಂಟಿಸಿದ್ದರೆ ಅವಳು ಕಲಿತ ಕಥೆಯೇ ಮಾಯವಾಗುತ್ತಿತ್ತು. ಸ್ಪೇಸೆಕ್ ದನಿ ನಮ್ಮ ಕಿವಿಯೆದುರೇ ಬೆಳೆಯುತ್ತದೆ. ಅಳುಕು ಎಲ್ಲಿ ಕಳೆಯಿತು, ಧೈರ್ಯ ಎಲ್ಲಿ ಬಂತು ಎಂಬುದು ಹಾಡಿನಲ್ಲೇ ತಿಳಿಯುತ್ತದೆ. ಈ ಸಿನಿಮಾದಲ್ಲಿ ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಇದೇ.

ಸ್ಪೇಸೆಕ್‌ಗೆ ಹಾಡು ಹೊಸದಾಗಿರಲಿಲ್ಲ. ಟೆಕ್ಸಸ್‌ನ ಕ್ವಿಟ್‌ಮನ್ ಎಂಬ ಸಣ್ಣ ಊರಿನವರು. ಗಾಯಕಿಯಾಗಬೇಕೆಂದೇ ನ್ಯೂಯಾರ್ಕಿಗೆ ಹೋಗಿ, 1968ರಲ್ಲಿ ‘ರೇನ್‌ಬೋ’ ಎಂಬ ಹೆಸರಿನಲ್ಲಿ ಒಂದು ರೆಕಾರ್ಡನ್ನೂ ತಂದಿದ್ದರು. ಆದರೂ ಕೆಂಟಕಿ ಗುಡ್ಡಗಾಡಿನ ಮಾತಿನ ಧಾಟಿ ಬೇರೆ. ಅದಕ್ಕಾಗಿ ಲೊರೆಟ್ಟಾ ಕಾರ್ಯಕ್ರಮ ಕೊಡಲು ಹೋದಲ್ಲೆಲ್ಲ ಜೊತೆಗೆ ಹೋಗಿ, ಅವರ ಮಾತುಗಳನ್ನು ಟೇಪ್ ಮಾಡಿಕೊಂಡು ಕಲಿತರು. ಮಾತು ಕಲಿತರೆ ಅರ್ಧ ಹಾಡು ಕಲಿತಂತೆಯೇ, ಏಕೆಂದರೆ ಲೊರೆಟ್ಟಾ ಹಾಡುತ್ತಿದ್ದದ್ದು ತಮ್ಮ ಆಡುಮಾತಿನ ಉಚ್ಚಾರದಲ್ಲೇ. ಸಿನಿಮಾದ ಹಾಡುಗಳನ್ನು ಮುದ್ರಿಸಿದ್ದು ಓವನ್ ಬ್ರಾಡ್ಲಿ, ಲೊರೆಟ್ಟಾ ಅವರ ಮೂಲ ರೆಕಾರ್ಡುಗಳ ನಿರ್ಮಾಪಕರೇ. ಅಸಲು ದನಿ ಹೇಗಿರುತ್ತದೆಂದು ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಆ ಧ್ವನಿಸುರುಳಿಗೆ ಕಂಟ್ರಿ ಮ್ಯೂಸಿಕ್ ಅಸೋಸಿಯೇಷನ್ನಿನ ವರ್ಷದ ಆಲ್ಬಂ ಪ್ರಶಸ್ತಿ ಬಂತು, ಸ್ಪೇಸೆಕ್‌ಗೆ ಅತ್ಯುತ್ತಮ ನಟಿ ಆಸ್ಕರ್.

ಲೊರೆಟ್ಟಾ ಗೆಳತಿ, ಗಾಯಕಿ ಪ್ಯಾಟ್ಸಿ ಕ್ಲೈನ್ ಪಾತ್ರದಲ್ಲಿರುವ ಬೆವರ್ಲಿ ಡಿ’ಆಂಜೆಲೊ ಕೂಡ ಸ್ವಂತ ದನಿಯಲ್ಲೇ ಹಾಡಿದ್ದಾರೆ. ಇದೇ ಪ್ಯಾಟ್ಸಿ ಜೀವನದ ಮೇಲೆ 1985ರಲ್ಲಿ ಬಂದ ‘ಸ್ವೀಟ್ ಡ್ರೀಮ್ಸ್’ ಬೇರೆ ದಾರಿ ಹಿಡಿಯಿತು: ಜೆಸ್ಸಿಕಾ ಲ್ಯಾಂಗ್ ಪ್ಯಾಟ್ಸಿಯವರ ರೆಕಾರ್ಡುಗಳಿಗೇ ತುಟಿ ಆಡಿಸಿದರು. ಅದನ್ನು ಕಡಿಮೆ ಎನ್ನಲಾರೆ. ಪ್ಯಾಟ್ಸಿ 1963ರಲ್ಲೇ ವಿಮಾನ ಅಪಘಾತದಲ್ಲಿ ತೀರಿಕೊಂಡಿದ್ದರು. ಲೊರೆಟ್ಟಾ ಸ್ಪೇಸೆಕ್‌ಗೆ ಸಿಕ್ಕಂತೆ ಜೊತೆಗೆ ಕೂತು ಹೇಳಿಕೊಡಲು ಅವರಿರಲಿಲ್ಲ. ಕಂಟ್ರಿ ಗಾಯಕ ಜಾನಿ ಕ್ಯಾಶ್ ಕುರಿತ 2005ರ ‘ವಾಕ್ ದ ಲೈನ್’ನಲ್ಲಿ ಹ್ವಾಕಿನ್ ಫೀನಿಕ್ಸ್, ರೀಸ್ ವಿದರ್‌ಸ್ಪೂನ್ ಇಬ್ಬರೂ ತಾವೇ ಹಾಡಿದರು.

ಮತ್ತೊಮ್ಮೆ ನೋಡುವುದಾದರೆ ಅರ್ನೆಸ್ಟ್ ಟಬ್ ಬರುವ ದೃಶ್ಯವನ್ನು ಗಮನವಿಟ್ಟು ಕೇಳಿ (ಆ ಹಿರಿಯ ಗಾಯಕ ಅಲ್ಲಿ ತಮ್ಮದೇ ಪಾತ್ರದಲ್ಲಿದ್ದಾರೆ). 1961ರಲ್ಲಿ ಕಾರು ಅಪಘಾತವಾಗಿ ಆಸ್ಪತ್ರೆ ಸೇರಿದ್ದ ಪ್ಯಾಟ್ಸಿಗೆಂದು ಲೊರೆಟ್ಟಾ ರೇಡಿಯೊದಲ್ಲಿ ‘ಐ ಫಾಲ್ ಟು ಪೀಸಸ್’ ಹಾಡಿದ್ದರು. ಅವರಿಬ್ಬರ ಸ್ನೇಹ ಶುರುವಾದದ್ದೇ ಅದರಿಂದ. ಅಲ್ಲಿ ಸ್ಪೇಸೆಕ್ ಹಾಡಬೇಕಾದದ್ದು ಪ್ಯಾಟ್ಸಿಯ ಹಾಡನ್ನು, ಅದೂ ಲೊರೆಟ್ಟಾ ಹಾಡಿದ ಹಾಗೆ.