ಮಾತ್ರೆಯಲ್ಲಿ ನೈಟ್ರೋಸಮೀನ್: ಈ ಗೋಜಲು ಶುರುವಾದದ್ದು ಎಲ್ಲಿಂದ?

ಮೊದಲು ಬಿಪಿ ಮಾತ್ರೆ ವಾಪಸ್. ಆಮೇಲೆ ಎದೆಯುರಿ ಮಾತ್ರೆ. ಅದಾದ ಮೇಲೆ ಸಕ್ಕರೆ ಕಾಯಿಲೆಯದ್ದು. 2018ರಿಂದ ಇಂಥ ಸುದ್ದಿ ಎಷ್ಟು ಬಂದಿವೆ ಅಂದರೆ ಯಾವುದಕ್ಕೂ ಯಾವುದಕ್ಕೂ ಏನು ನಂಟು ಅಂತ ತಿಳಿಯುವುದೇ ಕಷ್ಟವಾಗಿದೆ. ಎಲ್ಲದರಲ್ಲೂ ಎನ್‌ಡಿಎಂಎ ಅನ್ನುವ ಹೆಸರು ಮಾತ್ರ ಇರುತ್ತದೆ. ಒಂದು ಲ್ಯಾಬ್ ಲಕ್ಷಗಟ್ಟಲೆ ನ್ಯಾನೋಗ್ರಾಂ (ಗ್ರಾಂನ ನೂರು ಕೋಟಿಯಲ್ಲಿ ಒಂದು ಭಾಗ) ಇದೆ ಅನ್ನುತ್ತದೆ, ಇನ್ನೊಂದು ಅಷ್ಟೆಲ್ಲ ಇಲ್ಲ ಅನ್ನುತ್ತದೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ ಅನ್ನುವುದೇ ಇದರಲ್ಲಿ ಸ್ವಾರಸ್ಯ.

ಎನ್‌ಡಿಎಂಎ ಹೊಸ ವಸ್ತುವೇನಲ್ಲ. ನೈಟ್ರೋಸಮೀನ್ ಕುಟುಂಬದ ಚಿಕ್ಕ ಅಣು. ಇದನ್ನು ತಿಂದ ಇಲಿಗಳ ಲಿವರ್‌ನಲ್ಲಿ ಕ್ಯಾನ್ಸರ್ ಗಡ್ಡೆ ಬರುತ್ತದೆ ಎಂದು ಬ್ರಿಟಿಷ್ ವಿಜ್ಞಾನಿಗಳಾದ ಮಾಗೀ ಮತ್ತು ಬಾರ್ನ್ಸ್ 1956ರಲ್ಲೇ ತೋರಿಸಿದ್ದರು. ಆಮೇಲಿನ ದಶಕಗಳಲ್ಲಿ ಆಹಾರ ಪರೀಕ್ಷಿಸುವ ವಿಜ್ಞಾನಿಗಳು ಇದರ ಹಿಂದೆ ಬಿದ್ದರು. ನೈಟ್ರೈಟ್ ಎಂಬ ಉಪ್ಪು ಹಾಕಿ ಕೆಡದಂತೆ ಇಟ್ಟ ಮಾಂಸದಲ್ಲಿ ಸಿಕ್ಕಿತು, 1970ರ ದಶಕದ ಕೊನೆಗೆ ಬಿಯರ್‌ನಲ್ಲೂ ಸಿಕ್ಕಿತು. ಮಾಲ್ಟ್ ಒಣಗಿಸುವ ಕ್ರಮ ಬದಲಾಯಿಸಿದ ಮೇಲೆ ಬಿಯರ್‌ನಲ್ಲಿ ಕಡಿಮೆಯಾಯಿತು. ಆದರೆ ಮಾತ್ರೆಯ ಒಳಗೆ ಇದನ್ನು ಹುಡುಕಬೇಕು ಅಂತ ಯಾರಿಗೂ ಅಷ್ಟಾಗಿ ಅನ್ನಿಸಲಿಲ್ಲ.

ಹುಡುಕುವ ಉಪಕರಣಗಳೇನೋ ಬೆಳೆಯುತ್ತಲೇ ಇದ್ದವು. 1903ರಲ್ಲಿ ವಾರ್ಸಾದಲ್ಲಿ ಸಸ್ಯವಿಜ್ಞಾನಿ ಮಿಖಾಯಿಲ್ ತ್ಸ್ವೆಟ್ ಎಲೆಯ ಬಣ್ಣಗಳನ್ನು ಪುಡಿ ತುಂಬಿದ ಕೊಳವೆಯಲ್ಲಿ ಬೇರ್ಪಡಿಸುವುದನ್ನು ವಿವರಿಸಿದರು. ಬೆರಕೆಯನ್ನು ಬೇರ್ಪಡಿಸುವ ಕ್ರೊಮ್ಯಾಟೊಗ್ರಫಿಯ ಮೂಲ ಅದೇ. ಅಣುಗಳನ್ನು ತೂಗುವ ಮಾಸ್ ಸ್ಪೆಕ್ಟ್ರೊಮೆಟ್ರಿ ಬ್ರಿಟಿಷ್ ವಿಜ್ಞಾನಿಗಳಾದ ಥಾಮ್ಸನ್, ಆಸ್ಟನ್ ಕಾಲದಿಂದ ಬೇರೆಯೇ ದಾರಿಯಲ್ಲಿ ಬಂತು. ಎರಡನ್ನೂ ಕೂಡಿಸುವುದು ಸುಲಭವಿರಲಿಲ್ಲ. ಒಂದರಲ್ಲಿ ದ್ರವ ಹರಿಯುತ್ತದೆ, ಇನ್ನೊಂದಕ್ಕೆ ನಿರ್ವಾತ ಬೇಕು. 1980ರ ದಶಕದಲ್ಲಿ ಜಾನ್ ಫೆನ್ ಅವರ ಎಲೆಕ್ಟ್ರೊಸ್ಪ್ರೇ (ದ್ರವವನ್ನು ವಿದ್ಯುತ್ತಿನಿಂದ ಸಿಂಪಡಿಸುವ ತಂತ್ರ) ಬಂದ ಮೇಲೆಯೇ ಎರಡನ್ನೂ ಕೂಡಿಸಿದ ಎಲ್‌ಸಿ-ಎಂಎಸ್ ಔಷಧ ಸಂಶೋಧನೆಯ ದಿನನಿತ್ಯದ ಉಪಕರಣವಾದದ್ದು. ಫೆನ್‌ಗೆ 2002ರಲ್ಲಿ ನೊಬೆಲ್ ಕೂಡ ಬಂತು.

ಆದರೆ ಉಪಕರಣ ಇದ್ದರೆ ಸಾಕೇ? ಅದನ್ನು ಯಾವುದರ ಕಡೆ ತಿರುಗಿಸುತ್ತೀರಿ ಅನ್ನುವುದು ಮುಖ್ಯ ಅಲ್ವಾ. ಮಾತ್ರೆಯ ಶುದ್ಧತೆಯನ್ನು ದಿನವೂ ಅಳೆಯುತ್ತಿದ್ದದ್ದು ಮಾಸ್ ಸ್ಪೆಕ್ಟ್ರೊಮೀಟರ್ ಇಲ್ಲದ ಸಾಮಾನ್ಯ ದ್ರವ ಕ್ರೊಮ್ಯಾಟೊಗ್ರಫಿ, ಅಂದರೆ ಎಚ್‌ಪಿಎಲ್‌ಸಿಯಿಂದ. ದಿನಕ್ಕೆ 2 ಗ್ರಾಂವರೆಗಿನ ಔಷಧವಾದರೆ ಮೂಲವಸ್ತುವಿನಲ್ಲಿ 0.05%ಗಿಂತ ಹೆಚ್ಚಿರುವ ಕಲ್ಮಶವನ್ನು ವರದಿ ಮಾಡಬೇಕು ಎಂಬುದು ನಿಯಮ. ಅಂದರೆ ಹತ್ತು ಲಕ್ಷದಲ್ಲಿ 500 ಭಾಗ. ಈಗ ಎನ್‌ಡಿಎಂಎ ಮಿತಿ ನೋಡಿ: ದಿನಕ್ಕೆ 96 ನ್ಯಾನೋಗ್ರಾಂ. ದಿನಕ್ಕೆ 320 ಮಿಲಿಗ್ರಾಂ ನುಂಗುವ ಬಿಪಿ ಔಷಧ ವಲ್ಸಾರ್ಟನ್‌ಗೆ ಲೆಕ್ಕ ಹಾಕಿದರೆ ಹತ್ತು ಲಕ್ಷದಲ್ಲಿ 0.3 ಭಾಗ. ಎರಡಕ್ಕೂ ಒಂದೂವರೆ ಸಾವಿರ ಪಟ್ಟಿಗೂ ಜಾಸ್ತಿ ಅಂತರ. ಗ್ರಾಫಿನ ತಳಗೆರೆ (ಬೇಸ್‌ಲೈನ್) ಮೇಲೆ ಉಬ್ಬು ಕೂಡ ಕಾಣದಷ್ಟು ಕಡಿಮೆ. ರಿಪೋರ್ಟ್‌ನಲ್ಲಿ ಶುದ್ಧತೆ 99.9% ಅಂತ ಬಂದರೆ ಅದು ಸುಳ್ಳಲ್ಲ, ಆ ಪರೀಕ್ಷೆಗೆ ಕಂಡಷ್ಟು ನಿಜ.

ಒಂದು ಎಚ್ಚರಿಕೆ 2007ರಲ್ಲೇ ಸಿಕ್ಕಿತ್ತು. ಎಚ್‌ಐವಿ ಔಷಧ ನೆಲ್ಫಿನಾವಿರ್‌ನಲ್ಲಿ ಡಿಎನ್‌ಎ ಕೆಡಿಸುವ ಕಲ್ಮಶವೊಂದು ಸೇರಿ, ಯುರೋಪಿನಲ್ಲಿ ಅದನ್ನು ವಾಪಸ್ ಕರೆಸಬೇಕಾಯಿತು. 2014ರ ಹೊತ್ತಿಗೆ ಔಷಧ ನಿಯಮಗಳನ್ನು ರೂಪಿಸುವ ಅಂತರರಾಷ್ಟ್ರೀಯ ಸಂಸ್ಥೆ ಐಸಿಎಚ್‌ನ ಎಂ7 ಎಂಬ ಮಾರ್ಗಸೂಚಿ ಬಂತು. ಅದರಲ್ಲಿ ನೈಟ್ರೋಸಮೀನ್‌ಗಳನ್ನು ಅತಿ ಅಪಾಯದ ಗುಂಪಿಗೆ ಸೇರಿಸಿದ್ದರು. ನಿಯಮ ಕಾಗದದ ಮೇಲೆ ಸರಿಯಾಗಿಯೇ ಇತ್ತು.

ವಲ್ಸಾರ್ಟನ್ ಕತೆ ಬರುವುದು ಇಲ್ಲಿ. ಇದರ ಅಣುವಿನಲ್ಲಿ ಟೆಟ್ರಜೋಲ್ ಎಂಬ ಉಂಗುರ ಇದೆ. ಅದನ್ನು ಕಟ್ಟಲು ಅಜೈಡ್ ಎಂಬ ನೈಟ್ರೊಜನ್ ಸಂಯುಕ್ತ ಬೇಕು. 2012ರ ಸುಮಾರಿಗೆ ಒಂದು ಕಾರ್ಖಾನೆಯಲ್ಲಿ ಇಳುವರಿ ಹೆಚ್ಚಿಸಲು ವಿಧಾನ ಬದಲಾಯಿತು. ಹೊಸ ವಿಧಾನದಲ್ಲಿ ಸೋಡಿಯಂ ಅಜೈಡ್, ಸಾಲ್ವೆಂಟ್ (ಕರಗಿಸುವ ದ್ರವ) ಆಗಿ ಡಿಎಂಎಫ್. ಕೊನೆಗೆ ಉಳಿದ ಅಜೈಡ್ ಅಪಾಯಕಾರಿ, ಅದನ್ನು ನಾಶ ಮಾಡಲು ಸೋಡಿಯಂ ನೈಟ್ರೈಟ್. ಒಂದೊಂದನ್ನೂ ಬೇರೆ ಬೇರೆಯಾಗಿ ನೋಡಿದರೆ ಎಲ್ಲ ಹಂತವೂ ಸರಿಯೇ. ಆದರೆ ಡಿಎಂಎಫ್ ಸ್ವಲ್ಪ ಒಡೆದು ಡೈಮೀಥೈಲ್‌ಅಮೀನ್ ಕೊಡುತ್ತದೆ. ಅದು ನೈಟ್ರೈಟ್ ಜೊತೆ ಆಮ್ಲದಲ್ಲಿ ಸೇರಿದರೆ ಎನ್‌ಡಿಎಂಎ.

ಇದೇನು ಗಹನ ವಿಷಯವೂ ಅಲ್ಲ. ಸೆಕೆಂಡರಿ ಅಮೀನ್‌ಗೆ (ಡೈಮೀಥೈಲ್‌ಅಮೀನ್ ಅಂಥದ್ದೊಂದು) ನೈಟ್ರೈಟ್ ಮತ್ತು ಆಮ್ಲ ಹಾಕಿದರೆ ಹಳದಿ ಎಣ್ಣೆ ಬರುತ್ತದೆ ಅನ್ನುವುದು ಕಾಲೇಜು ಪ್ರಾಕ್ಟಿಕಲ್‌ನ ಪಾಠ. ಆ ಹಳದಿ ಎಣ್ಣೆಯೇ ನೈಟ್ರೋಸಮೀನ್. ಹಾಗಿದ್ದೂ ಯಾರ ಕಣ್ಣಿಗೂ ಬೀಳಲಿಲ್ಲ. ವಿಧಾನ ಬದಲಾಯಿಸುವವರು ಒಂದು ವಿಭಾಗ, ಪರೀಕ್ಷೆ ಮಾಡುವವರು ಇನ್ನೊಂದು ವಿಭಾಗ. ಪರೀಕ್ಷಿಸುವವರಿಗೆ ಸಿಗುವುದು ಏನೇನು ನೋಡಬೇಕು ಅನ್ನುವ ಪಟ್ಟಿ. ಪಟ್ಟಿಯಲ್ಲಿ ಇಲ್ಲದ ಪೀಕ್ (ಗ್ರಾಫಿನ ಉಬ್ಬು) ಬಂದರೆ ಅದರ ಹಿಂದೆ ಹೋಗಲು ಸಮಯವೂ ಇರುವುದಿಲ್ಲ, ಏನು ಅಂತ ನೋಡು ಎಂದು ಹೇಳುವವರೂ ಇರುವುದಿಲ್ಲ. 2016ರಲ್ಲೇ ಒಬ್ಬ ಖರೀದಿದಾರರು ಸಾಲ್ವೆಂಟ್ ಪರೀಕ್ಷೆಯಲ್ಲಿ ಗೊತ್ತಿಲ್ಲದ ಪೀಕ್‌ಗಳು ಬರುತ್ತಿವೆ ಎಂದು ದೂರಿದ್ದರು. ಅದು ಏನು ಅನ್ನುವುದು ಲೋಕಕ್ಕೆ ತಿಳಿದದ್ದು 2018ರ ಜುಲೈನಲ್ಲಿ. ಕೆಲವು ಮಾತ್ರೆಗಳಲ್ಲಿ ಎನ್‌ಡಿಎಂಎ 10 ಮೈಕ್ರೋಗ್ರಾಂ ದಾಟಿತ್ತು, ಮಿತಿಗಿಂತ ನೂರು ಪಟ್ಟು.

ಹಾಗಂತ ಮಾತ್ರೆ ನುಂಗಿದವರಿಗೆಲ್ಲ ಕ್ಯಾನ್ಸರ್ ಬರುತ್ತದೆ ಅಂತಲ್ಲ. ಅತಿ ಹೆಚ್ಚು ಡೋಸ್ ಅನ್ನು 8,000 ಜನ 4 ವರ್ಷ ದಿನವೂ ತೆಗೆದುಕೊಂಡರೆ, ಜೀವಮಾನದಲ್ಲಿ ಒಬ್ಬರಿಗೆ ಹೆಚ್ಚುವರಿಯಾಗಿ ಬರಬಹುದು ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಅಂದಾಜು ಮಾಡಿತು. ಬದಲಿ ಔಷಧ ಸಿಗುವ ತನಕ ಬಿಪಿ ಮಾತ್ರೆ ನಿಲ್ಲಿಸಬೇಡಿ ಅಂತಲೂ ಹೇಳಿತು. ಈ ಎರಡನೇ ಮಾತು ತಲೆಬರಹಗಳಲ್ಲಿ ಅಷ್ಟಾಗಿ ಕಾಣಲಿಲ್ಲ.

ನಿಜವಾದ ಗೋಜಲು ಮುಂದಿನ ವರ್ಷದ್ದು. 2019ರಲ್ಲಿ ಅಮೆರಿಕದ ಖಾಸಗಿ ಲ್ಯಾಬೊಂದು ಎದೆಯುರಿಯ ರಾನಿಟಿಡಿನ್ ಮಾತ್ರೆಯಲ್ಲಿ 25 ಲಕ್ಷಕ್ಕೂ ಮಿಕ್ಕಿ ನ್ಯಾನೋಗ್ರಾಂ ಎನ್‌ಡಿಎಂಎ ಇದೆ ಎಂದಿತು. ಅದು ಬಳಸಿದ್ದು ಜಿಸಿ-ಎಂಎಸ್, ಅಂದರೆ ದ್ರವದ ಬದಲು ಅನಿಲದಲ್ಲಿ ಬೇರ್ಪಡಿಸುವ ವಿಧಾನ. ಸ್ಯಾಂಪಲ್‌ ಅನ್ನು 130 ಡಿಗ್ರಿಗೆ ಕಾಯಿಸಿತ್ತು. ರಾನಿಟಿಡಿನ್ ಅಣುವಿನ ಒಂದು ತುದಿಯಲ್ಲಿ ಡೈಮೀಥೈಲ್‌ಅಮೀನ್ ಭಾಗ, ಇನ್ನೊಂದು ತುದಿಯಲ್ಲಿ ನೈಟ್ರೋ ಗುಂಪು. ಬಿಸಿ ಮಾಡಿದರೆ ಅಣು ತಾನೇ ಒಡೆದು ಎನ್‌ಡಿಎಂಎ ಆಗುತ್ತದೆ. ಅಳೆಯಲು ಹೋದ ಉಪಕರಣವೇ ಅಳೆಯಬೇಕಾದ ವಸ್ತುವನ್ನು ತಯಾರಿಸುತ್ತಿತ್ತು!

ಎಫ್‌ಡಿಎ ಬಿಸಿ ಬೇಡದ ಎಲ್‌ಸಿ-ಎಂಎಸ್‌ನಲ್ಲಿ ನೋಡಿದಾಗ ಸಂಖ್ಯೆ ಎಷ್ಟೋ ಪಟ್ಟು ಇಳಿಯಿತು. ಹಾಗಾದರೆ ಗಾಬರಿ ಸುಳ್ಳೇ? ಅದೂ ಅಲ್ಲ. ಇಳಿದ ಮೇಲೂ ಕೆಲವು ಬ್ಯಾಚ್ ಮಿತಿ ಮೀರಿದ್ದವು. ಜೊತೆಗೆ, ಮಾತ್ರೆ ಕಪಾಟಿನಲ್ಲಿ ಹಳತಾದಂತೆ, ಸೆಕೆಯಲ್ಲಿ ಇಟ್ಟಷ್ಟೂ ಎನ್‌ಡಿಎಂಎ ಏರುತ್ತದೆ ಎಂದು ಗೊತ್ತಾಯಿತು. 2020ರ ಏಪ್ರಿಲ್‌ನಲ್ಲಿ ಅಮೆರಿಕದ ಮಾರುಕಟ್ಟೆಯಿಂದ ರಾನಿಟಿಡಿನ್ ತೆಗೆಯಿರಿ ಎಂದು ಎಫ್‌ಡಿಎ ಕೇಳಿತು. ಮೊದಲ ಲ್ಯಾಬಿನ ಸಂಖ್ಯೆ ಸರಿಯಿರಲಿಲ್ಲ, ಆದರೆ ಅನುಮಾನ ಸರಿಯಿತ್ತು.

ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್‌ನಲ್ಲಿ ಇನ್ನೊಂದು ತರಹದ ಪೇಚು. ಇಲ್ಲಿ ಎಲ್‌ಸಿ-ಎಂಎಸ್ಸೇ ಮೋಸ ಹೋಯಿತು. ಎನ್‌ಡಿಎಂಎ ಅಯಾನಿನ (ವಿದ್ಯುದಂಶ ಪಡೆದ ಅಣುವಿನ) ತೂಕ 75.0553. ಸ್ಯಾಂಪಲ್‌ನಲ್ಲಿ ಉಳಿದಿದ್ದ ಡಿಎಂಎಫ್‌ನದ್ದು 74.06. ಬೇರೆ ಬೇರೆಯೇ. ಆದರೆ ನಿಸರ್ಗದ ನೈಟ್ರೊಜನ್‌ನಲ್ಲಿ ಸುಮಾರು 0.4% ಭಾರದ ನೈಟ್ರೊಜನ್ ಇರುತ್ತದೆ. ಅದು ಸೇರಿದ ಡಿಎಂಎಫ್ 75.0571ರಲ್ಲಿ ಕಾಣುತ್ತದೆ. ವ್ಯತ್ಯಾಸ ಬರೀ 0.0018. ಕಾಲಮ್ (ಬೇರ್ಪಡಿಸುವ ಕೊಳವೆ) ಇವೆರಡನ್ನೂ ಒಟ್ಟಿಗೇ ಹೊರಬಿಟ್ಟರೆ, ಉಪಕರಣ ಅಷ್ಟು ಸೂಕ್ಷ್ಮವಾಗಿ ನೋಡದಿದ್ದರೆ, ಡಿಎಂಎಫ್ ಕೂಡ ಎನ್‌ಡಿಎಂಎ ಲೆಕ್ಕಕ್ಕೆ ಸೇರುತ್ತದೆ. 38 ಸ್ಯಾಂಪಲ್‌ಗಳಲ್ಲಿ ಖಾಸಗಿ ಲ್ಯಾಬಿಗೆ 16 ಮಿತಿ ಮೀರಿ ಕಂಡವು. ಅವನ್ನೇ ಎಫ್‌ಡಿಎ ನೋಡಿದಾಗ 8. ಮಾಸ್ ಸ್ಪೆಕ್ಟ್ರೊಮೀಟರ್ ಎಷ್ಟೇ ದುಬಾರಿಯಾಗಲಿ, ಮುಂದೆ ಕಾಲಮ್ ಸರಿಯಾಗಿ ಬೇರ್ಪಡಿಸದಿದ್ದರೆ ಏನೂ ಪ್ರಯೋಜನವಿಲ್ಲ. ತ್ಸ್ವೆಟ್ ಕೊಳವೆಯ ಕೆಲಸ ಇನ್ನೂ ಮುಗಿದಿಲ್ಲ.

2021ರಿಂದ ಈಚೆಗೆ ಗಮನ ಬೇರೆ ಕಡೆ ಹೊರಳಿದೆ. ಸಿಗರೇಟ್ ಬಿಡಿಸುವ ವರೆನಿಕ್ಲಿನ್, ಬಿಪಿಯ ಕ್ವಿನಾಪ್ರಿಲ್ ಮುಂತಾದವುಗಳಲ್ಲಿ ಔಷಧದ ಅಣುವೇ ನೈಟ್ರೋಸಮೀನ್ ಆಗಿ ಬದಲಾದದ್ದು ಸಿಕ್ಕಿತು. ಅಣುವಿನಲ್ಲಿ ಸೆಕೆಂಡರಿ ಅಮೀನ್ ಇದ್ದರೆ, ಮಾತ್ರೆ ಕಟ್ಟಲು ಬೆರೆಸುವ ಪುಡಿಗಳಲ್ಲಿರುವ ಚೂರು ನೈಟ್ರೈಟೇ ಸಾಕು. ತಡೆಯಲು ಮಾತ್ರೆಗೆ ವಿಟಮಿನ್ ಸಿ ಸೇರಿಸುವ ಪ್ರಯೋಗವೂ ನಡೆದಿದೆ. ಹೊಸ ಔಷಧದ ಅಣು ರೂಪಿಸುವವರು ಈಗ ಮೊದಲ ದಿನದಿಂದಲೇ ಅಮೀನ್‌ಗಳನ್ನು ಅನುಮಾನದಿಂದ ನೋಡುತ್ತಾರೆ. ಅತಿಯಾಯಿತು ಅನ್ನುವವರೂ ಇದ್ದಾರೆ. ಅಮೀನ್ ಇಲ್ಲದೆ ಎಷ್ಟು ಔಷಧ ಮಾಡಲಾದೀತು ಅನ್ನುವುದು ಅವರ ಪ್ರಶ್ನೆ, ಅದರಲ್ಲಿ ಹುರುಳಿದೆ.

ಇಂಥ ದೊಡ್ಡ ನೈಟ್ರೋಸಮೀನ್‌ಗಳಲ್ಲಿ ಹೆಚ್ಚಿನವನ್ನು ಯಾವ ಇಲಿಗೂ ತಿನ್ನಿಸಿ ನೋಡಿಲ್ಲ. ಹಾಗಾಗಿ 2023ರಲ್ಲಿ ಅಣುವಿನ ರಚನೆ ನೋಡಿ ಅಂಕ ಹಾಕಿ, ಐದು ವರ್ಗ ಮಾಡುವ ಕ್ರಮ ತಂದರು. ತೀರಾ ಅಪಾಯದ ಮೊದಲ ವರ್ಗಕ್ಕೆ ಮಿತಿ ಅಮೆರಿಕದಲ್ಲಿ ದಿನಕ್ಕೆ 26.5 ನ್ಯಾನೋಗ್ರಾಂ, ಯುರೋಪಿನಲ್ಲಿ 18. ಕೊನೆಯ ವರ್ಗಕ್ಕೆ 1,500. ಒಂದೇ ಬ್ಯಾಚ್, ಅದೇ ಕಾಲಮ್, ಅದೇ ಪೀಕ್. ದಿನಕ್ಕೆ 20 ನ್ಯಾನೋಗ್ರಾಂ ಲೆಕ್ಕಕ್ಕೆ ಬಂದರೆ ಒಂದು ಕಡೆ ಪಾಸ್, ಇನ್ನೊಂದು ಕಡೆ ಫೇಲ್.