ರಾತ್ರಿ ಎದ್ದು ಹುಳಕ್ಕೆ ಸೊಪ್ಪು ಹಾಕಲು ಹೊರಡುವ ಅಜ್ಜಿ: ಡಿಮೆನ್ಷಿಯಾ ಆರೈಕೆಯ ಟಿಪ್ಪಣಿ

ಆರೈಕೆ ಕೆಲಸ ಕಲಿಯುತ್ತಿರುವವರಿಗೆ ಈ ಟಿಪ್ಪಣಿ. ಪಠ್ಯದ ಭಾಗ ಮೊದಲು ಮುಗಿಸಿಬಿಡೋಣ. ಡಿಮೆನ್ಷಿಯಾ ಒಂದೇ ಕಾಯಿಲೆಯಲ್ಲ. ನೆನಪು, ಮಾತು, ಯೋಚನೆ, ದಿನನಿತ್ಯದ ಕೆಲಸ ಎಲ್ಲವೂ ಹಂತಹಂತವಾಗಿ ಕುಗ್ಗುವ ಸ್ಥಿತಿಗೆ ಇಟ್ಟಿರುವ ಒಟ್ಟು ಹೆಸರು. ನೂರರಲ್ಲಿ 60ರಿಂದ 70 ಮಂದಿಗೆ ಕಾರಣ ಆಲ್‌ಝೈಮರ್ಸ್. ಮಿದುಳಿನ ರಕ್ತನಾಳಗಳ ತೊಂದರೆ, ಲೆವಿ ಬಾಡಿ (ಮಿದುಳಿನ ಕೋಶಗಳಲ್ಲಿ ಪ್ರೋಟೀನ್ ಗಂಟುಕಟ್ಟುವುದು) ಮುಂತಾದವು ಆಮೇಲೆ ಬರುತ್ತವೆ. 2023ರಲ್ಲಿ ಪ್ರಕಟವಾದ ಅಂದಾಜಿನಂತೆ ನಮ್ಮ ದೇಶದಲ್ಲಿ 60 ದಾಟಿದವರ ಪೈಕಿ ಶೇ. 7.4 ಮಂದಿಗೆ, ಅಂದರೆ ಸುಮಾರು 88 ಲಕ್ಷ ಜನಕ್ಕೆ ಇದು ಇದೆ. ಪಟ್ಟಣಕ್ಕಿಂತ ಹಳ್ಳಿಯಲ್ಲೇ ಹೆಚ್ಚು. ಮನೆಯವರು ಮಾತ್ರ "ವಯಸ್ಸಾಯ್ತಲ್ಲ, ಅರಳು ಮರಳು" ಅಂದುಕೊಂಡಿರುತ್ತಾರೆ. ಪರೀಕ್ಷೆಗೆ ಇಷ್ಟು ಸಾಕು, ಡ್ಯೂಟಿಗೆ ಸಾಲದು.

ಎದ್ದು ಹೊರಟವರನ್ನು ತಡೆಯುವ ಮೊದಲು

ಶಿಡ್ಲಘಟ್ಟದ ಕಡೆಯ ಅಜ್ಜಿಯೊಬ್ಬರು ವೃದ್ಧಾಶ್ರಮದಲ್ಲಿದ್ದಾರೆ ಅಂತಿಟ್ಟುಕೊಳ್ಳಿ. ರಾತ್ರಿ ಎರಡು ಗಂಟೆಗೆ ಎದ್ದು ಬಾಗಿಲು ತಳ್ಳುತ್ತಾರೆ. "ಹುಳಕ್ಕೆ ಸೊಪ್ಪು ಹಾಕಬೇಕು, ಬಿಡಮ್ಮ" ಅಂತಾರೆ. ನಮ್ಮ ಬಾಯಿಗೆ ಥಟ್ಟನೆ ಬರುವ ಮಾತು, "ಇಲ್ಲೆಲ್ಲಿದೆ ಅಜ್ಜಿ ಹುಳ, ಮಲಕ್ಕೊಳ್ಳಿ." ಅಲ್ಲಿಂದ ಜಗಳ ಶುರು.

ರೇಷ್ಮೆ ಸಾಕಿದ ಮನೆಯವರಿಗೆ ಗೊತ್ತಿರುತ್ತೆ, ನಾಲ್ಕನೇ ಜ್ವರ (ಹುಳ ಪೊರೆ ಬಿಡುವ ಹಂತ) ಎದ್ದ ಹುಳ ರಾತ್ರಿಯೂ ತಿನ್ನುತ್ತೆ, ಸೊಪ್ಪು ತಪ್ಪಿದರೆ ಗೂಡು ಹಗುರಾಗುತ್ತೆ. ಈ ಕಾಯಿಲೆಯಲ್ಲಿ ಸಾಮಾನ್ಯವಾಗಿ ಹೊಸ ನೆನಪು ಮೊದಲು ಹೋಗುತ್ತದೆ, ಹಳೆಯದು ಬಹಳ ಕಾಲ ಉಳಿಯುತ್ತದೆ. ಆ ಅಜ್ಜಿಯ ಲೆಕ್ಕದಲ್ಲಿ ತಡ ಮಾಡುತ್ತಿರುವವರು ನಾವು. "ನಿಮ್ಮನೇಲಿ ಎಷ್ಟು ತಟ್ಟೆ ಸಾಕ್ತಿದ್ರಿ ಅಜ್ಜಿ? ಸೊಪ್ಪು ಕೊಯ್ತಿದ್ದೋರು ಯಾರು?" ಅಂತ ಕೇಳುತ್ತಾ ಬಚ್ಚಲ ಕಡೆ ಕರೆದುಕೊಂಡು ಹೋಗಿ. ಎಷ್ಟೋ ಸಲ ಅವರನ್ನು ಎಬ್ಬಿಸಿರುವುದು ಮೂತ್ರದ ಒತ್ತಡ. ಇಲ್ಲದಿದ್ದರೆ ಒದ್ದೆ ಡೈಪರ್, ಹಸಿವು, ಚಳಿ, ಮಂಡಿನೋವು. ದೇಹದ ತೊಂದರೆಯನ್ನು ಹೇಳಲು ಮಾತು ಸಿಗದಾಗ ಅದು ಹಳೆಯ ಕೆಲಸದ ರೂಪದಲ್ಲಿ ಹೊರಗೆ ಬರಬಹುದು.

ಇದು ಸುಳ್ಳು ಹೇಳಿದಂತಲ್ಲವೇ ಎಂಬ ಪ್ರಶ್ನೆ ತರಗತಿಯಲ್ಲಿ ಬಂದೇ ಬರುತ್ತೆ. ನನ್ನ ಪ್ರಕಾರ "ಹೌದು, ಹುಳ ಇದೆ" ಅನ್ನುವ ಅಗತ್ಯವೇ ಇಲ್ಲ, ಕೇಳಿದರೆ ಸಾಕು. ತೀರಿಹೋದ ಗಂಡನನ್ನು ಹುಡುಕುವವರ ವಿಷಯದಲ್ಲೂ ಹೀಗೆಯೇ. ಸಾವಿನ ಸುದ್ದಿಯನ್ನು ಪ್ರತಿ ಸಲ ಹೇಳಿದರೆ ಅವರು ಪ್ರತಿ ಸಲವೂ ಹೊಸದಾಗಿ ಅಳುತ್ತಾರೆ. ಆಡಿದ ಮಾತು ಮರೆತುಹೋದರೂ ಸಂಕಟ ಉಳಿದುಬಿಡುತ್ತದೆ. ಹಾಗೇ, ನೋಡಲು ಬಂದ ನೆಂಟರು "ನಾನ್ಯಾರು ಹೇಳು ನೋಡೋಣ" ಅಂತ ಪರೀಕ್ಷೆ ಮಾಡುತ್ತಾರಲ್ಲ, ಅದನ್ನು ನಯವಾಗಿ ನಿಲ್ಲಿಸಿ. "ನಾನು ನಿಮ್ಮ ತಂಗಿ ಮಗಳು, ಗೌರಿಬಿದನೂರಿಂದ ಬಂದೆ" ಅಂತ ಅವರೇ ಮೊದಲು ಹೇಳಲಿ.

ಬಾಗೇಪಲ್ಲಿ, ಚಿಂತಾಮಣಿ ಕಡೆಯ ಅನೇಕರ ಮನೆಮಾತು ತೆಲುಗು. ಆಮೇಲೆ ಕಲಿತ ಕನ್ನಡ ಅವರಿಂದ ಮೊದಲು ಜಾರಬಹುದು. ನಿನ್ನೆವರೆಗೂ ಕನ್ನಡ ಆಡುತ್ತಿದ್ದ ತಾತ ಇವತ್ತು ಉತ್ತರ ಕೊಡಲಿಲ್ಲ ಅಂದರೆ ಹಟ ಅಂತ ತಿಳಿಯಬೇಡಿ. ಬೇರೆ ಜಿಲ್ಲೆಯಿಂದ ಬಂದವರು ನೀಳ್ಳು (ನೀರು), ಆಕಲಿ (ಹಸಿವು), ನೊಪ್ಪಿ (ನೋವು) ಇಷ್ಟಾದರೂ ಕಲಿತಿಟ್ಟುಕೊಳ್ಳಿ.

ಸ್ನಾನ

ಹೆಚ್ಚು ಗಲಾಟೆ ಇಲ್ಲೇ. ಹಂಡೆ ನೀರು, ಚೊಂಬು ಬಿಟ್ಟು ಬೇರೆ ಕಾಣದವರ ತಲೆಯ ಮೇಲೆ ಷವರ್ ಬಿಟ್ಟರೆ ಹೆದರದೆ ಏನು ಮಾಡುತ್ತಾರೆ? ಮೊಮ್ಮಗಳ ವಯಸ್ಸಿನವಳ ಮುಂದೆ ಸೀರೆ ಬಿಚ್ಚುವ ನಾಚಿಕೆ ಬೇರೆ. ನೀರಿನ ಬಿಸಿ ನೋಡಿ, ಭುಜಕ್ಕೆ ಟವೆಲ್ ಹೊದಿಸಿ, ಚೊಂಬನ್ನು ಅವರ ಕೈಗೇ ಕೊಡಿ. ಮೊದಲು ಪಾದದ ಮೇಲೆ. ಒಂದು ಸಲಕ್ಕೆ ಒಂದೇ ಮಾತು: "ಕಾಲಿಗೆ ಹಾಕ್ಕೊಳ್ಳಿ ಅಜ್ಜಿ." ಅದು ಆದ ಮೇಲೆ ಮುಂದಿನದು. ಒಪ್ಪದಿದ್ದರೆ ಬಿಟ್ಟು ಅರ್ಧ ಗಂಟೆ ಕಳೆದು ಬನ್ನಿ. ಒಂದು ದಿನ ಮೈ ಒರೆಸಿದರೂ ನಷ್ಟವಿಲ್ಲ.

ಊಟ: ಮುದ್ದೆಯ ವಿಷಯ

ಮುದ್ದೆಯನ್ನು ನಾವು ಅಗಿಯುವುದಿಲ್ಲ, ಸಾರಿನಲ್ಲಿ ಅದ್ದಿ ನುಂಗುತ್ತೇವೆ. ಕಾಯಿಲೆ ಮುಂದುವರಿದಾಗ ನುಂಗುವ ಹಿಡಿತವೇ ತಪ್ಪುತ್ತದೆ, ಆಗ ಈ ಅಭ್ಯಾಸ ಅಪಾಯ. ಊಟದ ನಡುವೆ ಕೆಮ್ಮು, ನುಂಗಿದ ಮೇಲೆ ಗೊರಗೊರ ದನಿ, ಕೆನ್ನೆಯೊಳಗೆ ಉಳಿದ ತುತ್ತು, ಇವುಗಳಲ್ಲಿ ಯಾವುದು ಕಂಡರೂ ಊಟ ನಿಲ್ಲಿಸಿ ಸಿಸ್ಟರ್‌ಗೆ ತಿಳಿಸಿ. ಗಂಜಿಯೋ ಅಂಬಲಿಯೋ, ಎಷ್ಟು ಗಟ್ಟಿ ಇರಬೇಕು ಅನ್ನುವುದನ್ನು ಅವರು ಹೇಳಬೇಕು, ನಾವು ಊಹಿಸುವ ಹಾಗಿಲ್ಲ. ತೆಳು ನೀರೇ ಹೆಚ್ಚು ಕಷ್ಟ ಕೊಡಬಹುದು. ನೆಟ್ಟಗೆ ಕೂರಿಸಿ ಉಣಿಸಿ, ಊಟವಾದ ಮೇಲೆ ಅರ್ಧ ಗಂಟೆ ಮಲಗಿಸಬೇಡಿ. ಕೈಯಲ್ಲಿ ಉಣ್ಣಬಲ್ಲವರು ತಾವೇ ಉಣ್ಣಲಿ, ಚೆಲ್ಲಿದ್ದನ್ನು ಒರೆಸಿದರಾಯಿತು. ಇನ್ನೊಂದು: ಬಿಳಿ ತಟ್ಟೆಯಲ್ಲಿ ಮೊಸರನ್ನ ಅವರ ಕಣ್ಣಿಗೆ ಸರಿಯಾಗಿ ಬೀಳದಿರಬಹುದು. ಬಣ್ಣದ ತಟ್ಟೆ ಇಡಿ.

ದಿಢೀರ್ ಬದಲಾದರೆ

ಡಿಮೆನ್ಷಿಯಾ ಹೆಚ್ಚಾಗಿ ತಿಂಗಳು, ವರ್ಷಗಳಲ್ಲಿ ನಿಧಾನವಾಗಿ ಬೆಳೆಯುತ್ತದೆ. ನಿನ್ನೆ ಚೆನ್ನಾಗಿದ್ದವರು ಇವತ್ತು ಗೊಂದಲಗೊಂಡು ಕೂಗಾಡಿದರೆ, ಅಥವಾ ಮಂಕಾಗಿ ತೂಕಡಿಸಿದರೆ, ಅದು ಡೆಲಿರಿಯಮ್, ಅಂದರೆ ಬೇರೆ ಕಾರಣದಿಂದ ದಿಢೀರ್ ಬರುವ ಗೊಂದಲ, ಇರಬಹುದು. ಮೂತ್ರದ ಸೋಂಕು, ನೀರು ಸಾಲದಿರುವುದು, ಮಲಬದ್ಧತೆ, ಹೊಸ ಮಾತ್ರೆ ಸಾಮಾನ್ಯ ಕಾರಣಗಳು. ವೈದ್ಯರಿಗೆ ಅದೇ ದಿನ ತಿಳಿಯಬೇಕು. ಕೈಕಾಲು ಕಟ್ಟಿಹಾಕುವುದು ನಮ್ಮ ತೀರ್ಮಾನವಾಗಕೂಡದು. ಮಾತಿಲ್ಲದವರ ನೋವನ್ನು ಐದರಿಂದ ಗುರುತಿಸಿ: ಉಸಿರಾಟ, ನರಳಾಟ, ಮುಖಭಾವ, ಮೈಯ ಬಿಗಿತ, ಸಮಾಧಾನ ಮಾಡಿದರೆ ಶಾಂತರಾಗುತ್ತಾರೆಯೇ ಎಂಬುದು.

ಡ್ಯೂಟಿ ವರದಿ ಪುಸ್ತಕದಲ್ಲಿ "ರಾತ್ರಿ ಗಲಾಟೆ ಮಾಡಿದರು" ಅಂತ ಬರೆದರೆ ಬೆಳಗಿನ ಡ್ಯೂಟಿಯವರಿಗೆ ಏನೂ ತಿಳಿಯುವುದಿಲ್ಲ. "2 ಗಂಟೆಗೆ ಎದ್ದರು, ಹೊಟ್ಟೆ ಹಿಡಿದುಕೊಂಡಿದ್ದರು, ಮೂತ್ರ ಸ್ವಲ್ಪವೇ ಬಂತು, ವಾಸನೆ ಇತ್ತು, ಸಂಜೆಯಿಂದ ಎರಡೇ ಲೋಟ ನೀರು ಕುಡಿದಿದ್ದರು" ಅಂತ ಬರೆಯಿರಿ. ಮನೆಯವರು ಸಹಾಯ ಕೇಳಿದರೆ ಕೊಡಲು ಹಿರಿಯರ ಸಹಾಯವಾಣಿ ಎಲ್ಡರ್‌ಲೈನ್ 14567 ನೆನಪಿಟ್ಟುಕೊಳ್ಳಿ. ಇದಕ್ಕೆ ದುಡ್ಡಿಲ್ಲ.